ತಾಯವ್ವ ನೋಡದ ನೀರು

ನಮ್ಮೂರಿನಲ್ಲಿ ಮದುವೆಗೆ ಕಾರ್ಡು ಕೊಟ್ಟರೆ ಸಾಲದು. ಮನೆಬಾಗಿಲಿಗೆ ಬಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಸ್ವಂತ ಅಣ್ಣನ ಮಗಳ ಮದುವೆಗೂ ಹೋಗದೆ ಮುಖ ಊದಿಸಿಕೊಂಡು ಕೂರುವ ಜನ ನಾವು. ಮುಧೋಳದಿಂದ ಮಹಾಲಿಂಗಪುರದ ಕಡೆ ಹೊರಟರೆ ಘಟಪ್ರಭೆಯ ದಂಡೆಗೆ ನಮ್ಮೂರು ಸಿಗುತ್ತದೆ. ಶಾಲೆ ದಿಬ್ಬದ ಮೇಲಿದೆ, ಕೆಳಗಿನ ಓಣಿ ಹೊಳೆಗೆ ಹತ್ತಿರ. ಆ ಓಣಿಯಲ್ಲಿ ನನ್ನ ಕಿರಾಣಿ ಅಂಗಡಿ, ಎದುರಿಗೆ ತಾಯವ್ವನ ಮನೆ.

ಮನೆಮನೆಗೆ ಹೇಳಿ ಬರುವ ಕೆಲಸ ತಾಯವ್ವನದು. ಮದುವೆ, ತೊಟ್ಟಿಲು, ಸಾವು, ಏನಿದ್ದರೂ ಆಕೆಯನ್ನೇ ಕಳಿಸುತ್ತಿದ್ದರು. ಗಂಡ ತುಕಾರಾಮ ಸಕ್ಕರೆ ಕಾರ್ಖಾನೆಯಲ್ಲಿದ್ದು ತೀರಿಕೊಂಡಿದ್ದ, ಮಗಳು ಸುವರ್ಣಾಳನ್ನು ಬೀಳಗಿಗೆ ಕೊಟ್ಟಿತ್ತು. ಹೇಳಿದ ಮನೆಯಲ್ಲಿ ಊಟ, ಒಂದು ಕುಬಸದ ಖಣ, ಅಷ್ಟಕ್ಕೆ ಆಕೆ ಖುಷಿ. ಆದರೆ ಆಕೆಯದೊಂದು ಹಟವಿತ್ತು. ಕಣ್ಣಾರೆ ನೋಡದ್ದನ್ನು ಯಾರ ಬಾಗಿಲಲ್ಲೂ ಹೇಳುತ್ತಿರಲಿಲ್ಲ. ಕೂಸು ಹುಟ್ಟಿದ ಸುದ್ದಿ ಹೇಳುವ ಮೊದಲೂ ಹೋಗಿ ಕೂಸಿನ ಮುಖ ನೋಡಿ ಬರುತ್ತಿದ್ದಳು. ಕೊನೆಗೆ "ನಾ ನೋಡಿ ಬಂದೇನಿ" ಅಂದರೆ ಅದಕ್ಕೆ ಮುದ್ರೆ ಬಿದ್ದ ಹಾಗೆ.

ಒಮ್ಮೆ ನಮ್ಮ ಓಣಿಯ ಸಾಬಣ್ಣ ದವಾಖಾನೆಯಲ್ಲಿ ತೀರಿಹೋದನೆಂದು ಫೋನ್ ಬಂತು. ಓಣಿಯವರು ಹೂವಿನ ಹಾರ ತಂದರು, ನಾನೂ ಅಂಗಡಿಯ ಬಾಗಿಲು ಅರ್ಧ ಎಳೆದೆ. ತಾಯವ್ವ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ, ನಾ ನೋಡಿಲ್ಲ ಅಂದಳು. ಸಂಜೆ ಸಾಬಣ್ಣ ಟಂಟಂ ಆಟೋದಿಂದ ಇಳಿದು ನನ್ನ ಅಂಗಡಿಯಲ್ಲೇ ಚಹಾ ಕುಡಿದ. ಸತ್ತಿದ್ದವನು ಪಕ್ಕದ ಹಾಸಿಗೆಯವನು. ಅಂದಿನಿಂದ ಆಕೆಯ ಮಾತಿಗೆ ಎದುರು ಮಾತಿಲ್ಲದಾಯಿತು.

ಇಂಥ ಊರಿಗೆ ಅನ್ವೀಕ್ಷಾ ಕಂಪನಿ ಬಂತು. ಮುಧೋಳದ ಜಮಖಂಡಿ ರಸ್ತೆಯಲ್ಲಿ ಅವರದೊಂದು ಗಾಜಿನ ಕಟ್ಟಡವಿದೆ. ಕಬ್ಬು ಯಾವಾಗ ಕಡಿಯಬೇಕು, ಮೋಟರಿಗೆ ಕರೆಂಟು ಯಾವಾಗ ಬಿಡಬೇಕು, ಬನಹಟ್ಟಿಯ ಮಗ್ಗದಲ್ಲಿ ಈ ಸಲ ಯಾವ ಬಣ್ಣದ ಸೀರೆ ಇಳಿಯಬೇಕು, ಎಲ್ಲ ಅವರ ಕಂಪ್ಯೂಟರೇ ಹೇಳುತ್ತಿತ್ತು. ಸರ್ಕಾರದವರೂ ಅವರನ್ನು ಕೇಳಿ ಕೆಮ್ಮುತ್ತಿದ್ದರು ಅಂದರೆ ಹೆಚ್ಚಲ್ಲ. ಇಲ್ಲಿನ ಮುಖ್ಯಸ್ಥ ಪರಮಾನಂದ, ಬನಹಟ್ಟಿಯ ನೇಕಾರರ ಮನೆಯವನು. ನೀವು ಮಾತು ಮುಗಿಸುವ ಮೊದಲೇ ಹೌದ್ರೀ ಹೌದ್ರೀ ಅನ್ನುತ್ತಿದ್ದ. ಅಂಥವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಹೊಳೆ ಏರುವುದನ್ನು ಮುಂಚೆಯೇ ಲೆಕ್ಕ ಹಾಕುವ ವಿಜ್ಞಾನಿ ಉಜ್ವಲಾ, ಜಮಖಂಡಿಯ ಹುಡುಗಿ.

ಆಕೆಯ ಲೆಕ್ಕ ಸರಿ ಇರುತ್ತಿತ್ತು, ಕೇಳುವವರೇ ಇರಲಿಲ್ಲ. ಕಂಪನಿಯ ಫೋನ್ ಬಂದು ಯಾವಳೋ ಪೇಟೆಯ ಹೆಂಗಸು ಮಾತಾಡತೊಡಗಿದರೆ ಜನ ಕಟ್ ಮಾಡುತ್ತಿದ್ದರು. ಉಜ್ವಲಾ ಒಂದು ದಿನ ನನ್ನ ಅಂಗಡಿಗೆ ಬಂದು, ಈ ಊರು ಯಾರ ಮಾತು ಕೇಳುತ್ತದೆ ಎಂದು ಕೇಳಿದಳು. ಎದುರು ಮನೆ ತೋರಿಸಿದೆ.

ಕಂಪನಿಯವರು ಮುಧೋಳಕ್ಕೆ ಕರೆದುಕೊಂಡು ಹೋಗಿ ತಾಯವ್ವನ ದನಿ ಹಿಡಿದುಕೊಂಡರು. ಆಮೇಲೆ ಆಕೆ ಹೇಳದ ಮಾತನ್ನೂ ಯಂತ್ರ ಆಕೆಯ ದನಿಯಲ್ಲಿ ಹೇಳಬಲ್ಲದು ಎಂದು ಬಿಡಿಸಿಯೂ ಹೇಳಿದರು. ಅದಕ್ಕೇ ತಾಯವ್ವ ಷರತ್ತು ಹಾಕಿದಳು: ನೋಡಿದ್ದನ್ನಷ್ಟೇ ಅದು ಹೇಳಬೇಕು. ಉಜ್ವಲಾ ಆಕೆಯನ್ನು ಸೇತುವೆಗೆ ಕರೆದೊಯ್ದು, ಕಂಬಕ್ಕೆ ಕಟ್ಟಿದ್ದ ಪೆಟ್ಟಿಗೆ ತೋರಿಸಿ, ಇದು ಹಗಲೂ ರಾತ್ರಿ ನೀರು ನೋಡುತ್ತದೆ ಎಂದಳು. ತಾಯವ್ವ ಅದರ ಕೆಳಗೆ ಬಹಳ ಹೊತ್ತು ನಿಂತಳು. ಕಣ್ಣಿದ್ದರೆ ಆಯಿತು ಎಂದು ಒಪ್ಪಿ ಬಂದಳು.

ಆ ಶ್ರಾವಣದಲ್ಲಿ ಘಟ್ಟದ ಕಡೆ ಮಳೆ ಹಿಡಿದುಕೊಂಡಿತು. ಒಂದು ದಿನ ಬೆಳಿಗ್ಗೆ ಓಣಿಯ ಎಲ್ಲ ಫೋನುಗಳೂ ತಾಯವ್ವನ ದನಿಯಲ್ಲಿ, ನೀರು ಬರುವ ಸಂಭವವಿದೆ ಎಂದವು. ಒಬ್ಬರೂ ಏಳಲಿಲ್ಲ. ಸಂಭವ ಎಂಬ ಮಾತನ್ನು ತಾಯವ್ವ ಹುಟ್ಟಿದಾಗಿನಿಂದ ಆಡಿದವಳಲ್ಲ. ಹಳ್ಳದ ಮಗ್ಗುಲಿನ ಮನೆಯ ಬಸಗೊಂಡಪ್ಪ, ಬಂದಾಗ ನೋಡಿದರಾಯಿತು ಎಂದು ಎಮ್ಮೆಗೆ ಹುಲ್ಲು ಹಾಕುತ್ತ ಕುಳಿತ.

ಗಾಜಿನ ಕಟ್ಟಡದಲ್ಲಿ ನಡೆದದ್ದನ್ನು ಆಮೇಲೆ ಉಜ್ವಲಾಳೇ ಹೇಳಿದಳು. ಓಣಿ ಮುಳುಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು, ನೀರು ರಸ್ತೆ ದಾಟಿದ ಮೇಲೆ ಯಾರೂ ಹೊರಬರಲಾರರು. ಜನ ಏಳಬೇಕಾದರೆ ತಾಯವ್ವ ನೋಡಿ ಬಂದೆ ಅನ್ನಬೇಕು. ಪರಮಾನಂದ ತಡಮಾಡದೆ, ಅನ್ನಿಸು ಎಂದ. ಕೃಷ್ಣೆಯ ದಂಡೆಯ ಊರುಗಳನ್ನೆಲ್ಲ ಕಂಪನಿಗೆ ವಹಿಸಬೇಕೋ ಬೇಡವೋ ಎಂದು ಮೇಲಿನವರು ತೀರ್ಮಾನಿಸುವ ಹೊತ್ತು ಅದು. ಫೋನಿನ ಮಾತಿಗೆ ಎಷ್ಟು ಜನ ಎದ್ದರು ಎಂಬುದೇ ಅವರಿಗೆ ಮುಖ್ಯ. ಉಜ್ವಲಾಳಿಗೆ ಜೀವ ಉಳಿದರೆ ಸಾಕಾಗಿತ್ತು. ಇಬ್ಬರ ಬೆರಳೂ ಒಂದೇ ಗುಂಡಿಯ ಮೇಲೆ ಬಿದ್ದವು.

ಮಧ್ಯಾಹ್ನದ ಊಟವಾಗಿತ್ತು. ಮತ್ತೆ ಫೋನುಗಳು ಬಡಿದುಕೊಂಡವು.

"ನಾ ತಾಯವ್ವ. ನೀರ ಹಣಮಪ್ಪನ ಕಟ್ಟಿಗೆ ಬಂದಾವು. ನಾ ನೋಡಿ ಬಂದೇನಿ. ಏಳ್ರಿ."

ಇಡೀ ಓಣಿ ಎದ್ದಿತು. ಒಲೆಯ ಮೇಲಿನ ಹಾಲು ಬಿಟ್ಟು ಓಡಿದವರಿದ್ದಾರೆ. ಬಸಗೊಂಡಪ್ಪನೂ ಹೆಂಡತಿ ಗುರುಬಸವ್ವನನ್ನು ಮುಂದೆ ಕಳಿಸಿ ತಾನು ಹಿಂದೆ ಹೊರಟ.

ಅದೇ ಫೋನ್ ತಾಯವ್ವನಿಗೂ ಬಂತು. ತನ್ನ ದನಿ ತನಗೇ ಸುಳ್ಳು ಹೇಳಿದ್ದನ್ನು ಕೇಳಿ ಆಕೆ ಬರಿಗಾಲಲ್ಲಿ ಹೊಳೆ ಕಡೆಯ ಹಣಮಪ್ಪನ ಗುಡಿಗೆ ಹೋದಳು. ಕಟ್ಟೆ ಒಣಗಿತ್ತು, ಮೇಲೊಂದು ನಾಯಿ ಮಲಗಿತ್ತು. ತಿರುಗಿ ಬಂದು ನಡುರಸ್ತೆಯಲ್ಲಿ ನಿಂತಳು.

"ಅದು ನಾ ಅಲ್ರಿ. ಕಟ್ಟಿಗೆ ನೀರ ಬಂದಿಲ್ಲ. ಈಗ ನಾನ ನೋಡಿ ಬಂದೇನಿ."

ಬಹಳಷ್ಟು ಜನ ಆಗಲೇ ದಿಬ್ಬ ಹತ್ತಿದ್ದರು. ಉಳಿದವರು ಹೊರಟದ್ದಾಯಿತಲ್ಲ ಎಂದು ನಡೆದರು. ಬಸಗೊಂಡಪ್ಪ ಮಾತ್ರ ನಿಂತ. ನೀನೇ ನೋಡಿ ಬಂದಿದ್ದರೆ ಮುಗಿಯಿತು, ಎಮ್ಮೆಗೆ ನೀರು ಕುಡಿಸಿಯೇ ಬರುತ್ತೇನೆ ಎಂದು ಹಿಂದಕ್ಕೆ ಹೋದ. ಹೊತ್ತು ಇಳಿಯುವಾಗ ನೀರು ಬಂತು, ಹಣಮಪ್ಪನ ಕಡೆಯಿಂದಲ್ಲ, ಹಿಂದಿನ ಹಳ್ಳದಿಂದ. ಎಮ್ಮೆ ಈಜಿಕೊಂಡು ಕಬ್ಬಿನ ಹೊಲ ಸೇರಿತು. ಬಸಗೊಂಡಪ್ಪ ಮರುದಿನ ಜಾಲಿಯ ಮುಳ್ಳುಕಂಟಿಯಲ್ಲಿ ಹೆಣವಾಗಿ ಸಿಕ್ಕ.

ಪರಮಾನಂದ ಆ ಸಂಜೆ ತಾನೇ ಟ್ರ್ಯಾಕ್ಟರ್ ನಡೆಸಿಕೊಂಡು ಬಂದು, ಎದೆಮಟ್ಟ ನೀರಿಗಿಳಿದು, ನಡೆಯಲಾಗದ ಮುದುಕರನ್ನು ಹೊತ್ತು ತಂದ. ಅದನ್ನು ನಾನು ಕಂಡಿದ್ದೇನೆ, ಇಲ್ಲ ಅನ್ನಲಾರೆ. ಅದೇ ಮನುಷ್ಯ ಮುಂದಿನ ವಾರ ಮುಧೋಳದ ಸಭೆಯಲ್ಲಿ, ಕಂಪನಿಯ ಒಂದು ಕರೆ ಇಡೀ ಓಣಿಯನ್ನು ಉಳಿಸಿತು, ಸೂಚನೆ ಪಾಲಿಸದ ಒಬ್ಬರನ್ನು ಬಿಟ್ಟು, ಎಂದು ಭಾಷಣ ಮಾಡಿದ. ಕೃಷ್ಣೆಯ ದಂಡೆ ಅವರಿಗೇ ಸಿಕ್ಕಿತು.

ಸಾವಿನ ಸುದ್ದಿ ಹೇಳಿದವಳು ತಾಯವ್ವನೇ. ಜಾಲಿಯ ತನಕ ಹೋಗಿ ನೋಡಿ ಬಂದಳು. ಬಾಗಿಲು ಬಾಗಿಲಿಗೆ ನಿಂತು, ಬಸಗೊಂಡಪ್ಪ ಹೋದ, ನನ್ನ ಮಾತು ಕೇಳಿ ತಿರುಗಿ ಹೋಗಿದ್ದ ಎಂದಳು. ಆ ಎರಡನೆಯ ಮಾತು ಹೇಳೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಉಜ್ವಲಾ ಬಂದು ತಾಯವ್ವನ ಕಟ್ಟೆಯ ಮೇಲೆ ಕುಳಿತಳು. ಆ ಸುಳ್ಳು ಹೇಳಿಸಿದ್ದು ತಾನು ಎಂದಳು. ತಾಯವ್ವ ಬೈಯುತ್ತಾಳೆಂದು ನಾನು ಕಾದೆ. ಬೈಯಬೇಕು ಎಂದೇ ನನ್ನ ಆಸೆಯಾಗಿತ್ತು.

"ನಿನ್ನ ಸುಳ್ಳ ಕೇಳಿದವರು ಬದುಕ್ಯಾರ, ತಂಗಿ. ನನ್ನ ಖರೆ ಕೇಳಿದಾಂವ ಸತ್ತ. ಈಗ ನಾ ಏನ ಮಾಡ್ಲಿ, ನೀನ ಹೇಳು."

ನನ್ನ ದನಿ ತೆಗೆಸು ಎಂದಷ್ಟೇ ತಾಯವ್ವ ಕೇಳಿದಳು. ಉಜ್ವಲಾ ಪರಮಾನಂದನೊಡನೆ ಜಗಳವಾಡಿ ಅದನ್ನು ತೆಗೆಸಿದಳು. ಆದರೆ ಕೆಲಸ ಬಿಡಲಿಲ್ಲ. ತಾನು ಬಿಟ್ಟರೆ ಆ ಕುರ್ಚಿಯಲ್ಲಿ ಅಂಜಿಕೆ ಇಲ್ಲದವರು ಬಂದು ಕೂರುತ್ತಾರೆ ಎಂದು ಆಕೆಯ ವಾದ. ಇರಬಹುದು. ಸಂಬಳವೂ ಚೆನ್ನಾಗಿತ್ತು.

ಮರುವರ್ಷ ಶ್ರಾವಣಕ್ಕೆ ಮೊದಲೇ ಮತ್ತೆ ಅದೇ ಮಳೆ. ಕಂಪನಿಯ ಫೋನು ಬರುತ್ತಿತ್ತು, ಪೇಟೆಯ ಹೆಂಗಸಿನ ದನಿ, ಯಥಾಪ್ರಕಾರ ಕಟ್. ಉಜ್ವಲಾ ತಾನೇ ಜೀಪಿನಲ್ಲಿ ಬಂದಳು. ತಾಯವ್ವ ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಳು. ನಾಲ್ಕರಲ್ಲಿ ಒಂದು ಪಾಲು ಬರಬಹುದು, ಮೂರು ಪಾಲು ಬರಲಿಕ್ಕಿಲ್ಲ ಎಂದು ಉಜ್ವಲಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೇರೇನನ್ನೂ ಕೇಳಲಿಲ್ಲ, ಕೇಳುವ ಮುಖವೂ ಆಕೆಗಿರಲಿಲ್ಲ.

"ಇದನ್ನ ಹಿಂಗ ಹೇಳಿದ್ರ ಯಾರರ ಏಳ್ತಾರೇನು?" ಎಂದಳು ತಾಯವ್ವ.

ತಾಯವ್ವ ಚಹಾ ಮುಗಿಸಿ, ಸೆರಗು ಸಿಕ್ಕಿಸಿಕೊಂಡು, ಮೊದಲನೆಯ ಬಾಗಿಲಿಗೆ ಹೋದಳು. ನೀರು ಹಣಮಪ್ಪನ ಕಟ್ಟೆಗೆ ಬಂದಿದೆ, ನಾ ನೋಡಿ ಬಂದೇನಿ ಎಂದಳು. ನನ್ನ ಅಂಗಡಿಯಿಂದ ಆ ಕಟ್ಟೆ ಕಾಣುತ್ತದೆ. ಒಣಗಿತ್ತು. ಆಕೆ ಆ ಕಡೆ ಮುಖ ಕೂಡ ತಿರುಗಿಸಿರಲಿಲ್ಲ. ಶಟರ್ ಎಳೆದು ನಾನೂ ದಿಬ್ಬ ಹತ್ತಿದೆ. ಗುರುಬಸವ್ವ ನಮಗಿಂತ ಮುಂದಿದ್ದಳು, ಎಮ್ಮೆಯನ್ನೂ ಹೊಡೆದುಕೊಂಡು.

ನೀರು ಬರಲಿಲ್ಲ. ಶಾಲೆಯಲ್ಲಿ ಸೊಳ್ಳೆ ಕಡಿಸಿಕೊಂಡು ಮಲಗಿದ ಜನ ಬೆಳಿಗ್ಗೆ ಇಳಿದು ಬಂದು, ಹಣಮಪ್ಪನ ಕಟ್ಟೆ ಮುಟ್ಟಿ ನೋಡಿ, ತಾಯವ್ವನ ಮನೆ ಮುಂದೆ ನಿಂತು ಬಾಯಿಗೆ ಬಂದದ್ದು ಅಂದರು. ಎಲ್ಲರಿಗಿಂತ ಗಟ್ಟಿ ದನಿ ಸಾಬಣ್ಣನದು, ಕಂಪನಿಯವರು ನಿನ್ನನ್ನೂ ಕೊಂಡುಕೊಂಡರೇನು ಅಂದ. ಅವನು ಸತ್ತನೆಂದು ಊರೆಲ್ಲ ಹಾರ ತಂದಾಗ ಆ ಸುದ್ದಿ ಹೇಳಲು ಏಳದಿದ್ದವಳು ಆಕೆಯೊಬ್ಬಳೇ, ಅದು ಅವನಿಗೆ ಮರೆತಿತ್ತು. ಅದಾದ ಮೇಲೆ ಓಣಿಯಲ್ಲಿ ಒಂದು ಮದುವೆಯಾಯಿತು, ಎಲ್ಲರಿಗೂ ಮೊಬೈಲಿನಲ್ಲೇ ಹೇಳಿದರು. ಆಕೆ ಎದುರಾದರೆ ಹುಡುಗರೂ, ನೋಡಿ ಬಂದಿಯೇನು ಆಯಿ ಎಂದು ನಗುತ್ತಿದ್ದರು.

ಬಸಗೊಂಡಪ್ಪ ತೀರಿಕೊಂಡು ವರ್ಷ ತುಂಬುವ ದಿನದ ಊಟ ಹತ್ತಿರ ಬಂತು. ಗುರುಬಸವ್ವ ಹಾಡುಹಗಲೇ ಓಣಿ ದಾಟಿ ತಾಯವ್ವನ ಬಾಗಿಲಿಗೆ ಬಂದಳು. ಖಣವನ್ನು ಆಕೆಯ ಉಡಿಗೆ ಹಾಕಿ, ಊಟಕ್ಕೆ ಎಲ್ಲರಿಗೂ ಹೇಳಿ ಬಾ ಎಂದಳು. ನನ್ನ ಮಾತು ಇನ್ನು ಯಾರು ನಂಬುತ್ತಾರೆ, ಬೇರೆಯವರನ್ನು ಕಳಿಸು ಎಂದು ತಾಯವ್ವ ಖಣ ಹಿಂದಕ್ಕೆ ಚಾಚಿದಳು. ಗುರುಬಸವ್ವ ಅದನ್ನು ಮುಟ್ಟಲಿಲ್ಲ.

"ಹ್ವಾದ ವರ್ಷನ ನೀ ಇಂಥಾದ್ದೊಂದ ಸುಳ್ಳ ಹೇಳಿದ್ದಿ ಅಂದ್ರ, ಯಕ್ಕಾ, ಈ ಊಟನ ಇರ್ತಿದ್ದಿಲ್ಲ. ಹೋಗು, ಹೇಳಿ ಬಾ."

ತಾಯವ್ವ ಖಣವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲು ನನ್ನ ಅಂಗಡಿಗೇ ಬಂದಳು. ಹೇಳಿದಳು. ಬರುತ್ತೇನೆ ಎಂದೆ. ಆಕೆ ಮುಂದಿನ ಬಾಗಿಲಿಗೆ ನಡೆದಳು. ಅದು ಸಾಬಣ್ಣನ ಮನೆ.