ಅಕ್ಕನ ಗದ್ದೆಯೂ ತಂಗಿಯ ಹೊಲವೂ

ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ವಾದ ಮಾಡುವಂತಿಲ್ಲ. ಕಳೆದ ಮುಂಗಾರಿನ ಒಂದು ಭಾನುವಾರ ಆ ನಿಯಮ ಪೂರ್ತಿ ಮುರಿದುಬಿತ್ತು.

ಅಂದು ದೇಶನೂರಿನಿಂದ ಅಕ್ಕ, ಕುರುಗೋಡಿನಿಂದ ತಂಗಿ ಬಂದಿದ್ದರು. ಅಕ್ಕನದು ಕಾಲುವೆ ನೀರಿನ ಭತ್ತ. ತಂಗಿಯದು ಜೋಳ, ಮೆಣಸಿನಕಾಯಿ. ಬೆಳಿಗ್ಗೆ ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ಬೆಳೆಗಳ ಪಾಲು ಎಲ್ಲ ಸೀಮೆಗಳಲ್ಲೂ ಒಂದೇ ಅಲ್ಲ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡದೆ ಮೀಥೇನ್ ಹುಟ್ಟುವುದರಿಂದ ಭತ್ತದ ಸೀಮೆಯಲ್ಲಿ ಆ ಪಾಲು ಹೆಚ್ಚು, ಜೋಳದ ಸೀಮೆಯಲ್ಲಿ ಕಡಿಮೆ.

“ಕೇಳಿದ್ಯಾ ಅಕ್ಕಾ? ಬ್ಯಾಸಗಿ ಧಗಿ ನಿಮ್ಮ ಗದ್ದ್ಯಾಗಿಂದ ಬರತೈತಂತ. ನಾವು ಸುಮ್ನ ಸೂರ್ಯನ್ನ ಬೈತಿದ್ವಿ,” ಎಂದಳು ತಂಗಿ.

“ಎರಡನೇ ಸಲ ಅನ್ನ ಹಾಕಿಸ್ಕೊಂಡು ಈ ಮಾತಾಡ್ತೀಯೇನ?” ಎಂದಳು ಅಕ್ಕ.

ಮೆಣಸಿನ ಗಿಡಕ್ಕೆ ಸುರಿಯುವ ಯೂರಿಯಾದಿಂದಲೂ ಅಂಥದೇ ಇನ್ನೊಂದು ಅನಿಲ ಏಳುತ್ತದೆ ಎಂದು ನಾನು ಹೇಳಿದ ಮೇಲೆ ತಂಗಿ ಸಾರಿನ ಪಾತ್ರೆಯ ಕಡೆ ಕೈ ಚಾಚಿದಳು. ಅಕ್ಕ ಮಾತ್ರ ಬಿಡಲಿಲ್ಲ. “ತಮ್ಮಾ, ಏನ್ ಮಾಡ್ಬೇಕು ಅದನ್ನ ಹೇಳು.”

ಉಪಾಯವನ್ನೂ ಓದಿಕೊಂಡಿದ್ದೆ. ತೂತು ಕೊರೆದ ಪೈಪೊಂದನ್ನು ಗದ್ದೆಯಲ್ಲಿ ನೆಡಬೇಕು. ಅದರೊಳಗಿನ ನೀರು ಮಣ್ಣಿನ ಮಟ್ಟದಿಂದ ಮುಕ್ಕಾಲು ಗೇಣು ಕೆಳಗಿಳಿಯುವವರೆಗೆ ಗದ್ದೆಯನ್ನು ಆರಲು ಬಿಟ್ಟು, ಆಮೇಲೆ ಮತ್ತೆ ನೀರು ಹಾಯಿಸಬೇಕು. ದೇಶನೂರಿನಲ್ಲಿ ಇದು ಸುಲಭದ ಮಾತಲ್ಲ. ಮುಂದಿನ ಪಾಳಿಯ ನೀರು ಬರುತ್ತದೋ ಇಲ್ಲವೋ ಎಂದು ಬಂದಾಗಲೇ ಬದುವಿನವರೆಗೆ ತುಂಬಿಸಿಕೊಳ್ಳುವುದು ಅಲ್ಲಿಯ ರೂಢಿ. ಆದರೂ ಅಕ್ಕ ಮಾಡಿ ನೋಡಲು ಒಪ್ಪಿದಳು, ಅದಕ್ಕೆ ಆರಿಸಿಕೊಂಡದ್ದು ಮನೆಯ ಊಟದ ಅಕ್ಕಿ ಬೆಳೆಯುವ ಗದ್ದೆಯನ್ನೇ.

“ಇದು ಕೆಟ್ರ ಬ್ರೂಸ್‌ಪೇಟಿಯಾಗ ಅಕ್ಕಿ ಕೊಳ್ಳಾಕ ನಿಲ್ಲಬೇಕು. ಊರು ನಗತೈತಿ,” ಎಂದಳು.

ಗದ್ದೆ ಆರುವ ಹೊತ್ತಿಗೆ ನೋಡಲು ಹೋದೆ. ನೀರು ತುಂಬಿ ತುಳುಕುತ್ತಿತ್ತು. ಪೈಪಿನ ತುದಿ ಮಾತ್ರ ಕಾಣುತ್ತಿತ್ತು. ಅಕ್ಕ ಬದುವಿನ ಮೇಲೆ ಕೆಂಡವಾಗಿ ನಿಂತಿದ್ದಳು. ಅಷ್ಟರಲ್ಲಿ ಪಕ್ಕದ ಗದ್ದೆಯ ಭಾಯಿ ನಗುತ್ತ ಬಂದರು.

“ಅಕ್ಕಾರ, ಗದ್ದಿ ಬಿರುಕು ಬಿಡಾಕತ್ತಿತ್ತು. ನಿಮಗ ಆರಾಮಿಲ್ಲೇನೋ ಅನ್ಕೊಂಡು ನಮ್ಮ ಪಾಳಿ ನೀರು ಬಿಟ್ಟೀನ್ರಿ.”

ತಮ್ಮ ಪಾಲಿನ ನೀರನ್ನೇ ಕೊಟ್ಟವರನ್ನು ಬೈಯುವುದು ಹೇಗೆ? ಅಕ್ಕ ಚಹಾ ಕುಡಿಸಿ, ಪೈಪ್ ತೋರಿಸಿ ಎಲ್ಲ ವಿವರಿಸಿದಳು.

“ನೀರಿದ್ದೂ ಕುಡಿಸದಂಗ ಇಡೋದಾ? ಭತ್ತ ಶಾಪ ಹಾಕತೈತ್ರಿ!” ಎಂದು ಅವರು ಕೆನ್ನೆ ಬಡಿದುಕೊಂಡರು.

ಅಂದಿನಿಂದ ಅಕ್ಕ ಪೈಪಿನ ಶಿಸ್ತಿಗೆ ಬಿದ್ದಳು. ಬೆಳಿಗ್ಗೆ ಎದ್ದು ಪೈಪ್ ನೋಡದೆ ಚಹಾ ಮುಟ್ಟುತ್ತಿರಲಿಲ್ಲ. ಹೂ ಬಿಡುವ ಕಾಲದಲ್ಲಿ ನೀರು ನಿಲ್ಲಿಸಿಕೊಂಡಳು, ಉಳಿದಂತೆ ಆರಲು ಬಿಟ್ಟಳು. ಎಷ್ಟು ಮೀಥೇನ್ ಕಡಿಮೆಯಾಯಿತೆಂದು ನಮ್ಮಲ್ಲಿ ಯಾರೂ ಅಳೆಯಲಿಲ್ಲ. ಭತ್ತ ಮಾತ್ರ ಪಕ್ಕದ ಗದ್ದೆಗಿಂತ ಒಂದಿಷ್ಟೂ ಕಡಿಮೆ ಬರಲಿಲ್ಲ.

ಆ ಅಕ್ಕಿಯನ್ನು ಅಕ್ಕ ನಮ್ಮ ಮನೆಗೂ ತಂದಳು. ತಂಗಿ ಮೂರನೇ ಸಲ ಅನ್ನ ಹಾಕಿಸಿಕೊಂಡಳು, ಧಗೆಯ ಮಾತೆತ್ತಲಿಲ್ಲ. ಭಾಯಿ ಹೇಗಿದ್ದಾರೆ ಎಂದು ನಾನು ಕೇಳಿದೆ.

“ಬ್ಯಾಸಗಿ ಬೆಳಿಗೆ ಅವ್ರೂ ಪೈಪ್ ನೆಟ್ಟಾರ,” ಎಂದಳು ಅಕ್ಕ. “ಈಗ ಅವ್ರ ಗದ್ದಿ ಒಣಗಿದ್ದು ನೋಡಿದ್ರ ನೀರು ಬಿಡಾಕ ನನ್ನ ಕೈ ತುರಸ್ತಾವ!”