ಪೈಲ್ಸಿಗೆ ಹಿಡಿದ ವ್ರತ

ತಮಿಳು ಸೀಮೆಯ ಕ್ರೋಂಪೇಟೆ ಸ್ಟೇಷನ್ನಿನ ಎದುರು ಸಸ್ಯಾಹಾರಿ ಹೋಟೆಲು ನಡೆಸುವ ಕುಂದಾಪುರದ ರಾಮದಾಸರಿಗೆ ಪೈಲ್ಸ್ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೊಂದು ಇರಲಿಲ್ಲ. ಹೋದ ವರ್ಷ ಆಪರೇಷನ್ನಿಗೆ ಹೋದಾಗಲೂ ಊರಲ್ಲಿ ನಾಗದೇವರ ಸೇವೆ ಎಂದು ಬುರುಡೆ ಬಿಟ್ಟಿದ್ದರು. ಈಗ ಮತ್ತೆ ರಕ್ತ ಕಾಣಿಸಿಕೊಂಡಿತು. ಪುರಸೈವಾಕ್ಕಂನ ಡಾಕ್ಟರು ಚೆನ್ನಾಗಿ ಬೈದರು. ಖಾರ, ಮೈದಾ ಬಿಟ್ಟು ಸೊಪ್ಪು ತಿಂದು, ನೀರು ಕುಡಿದು ಮಲಬದ್ಧತೆ ಸರಿಮಾಡಿಕೊಳ್ಳದಿದ್ದರೆ ಮತ್ತೆ ಕೊಯ್ಯಬೇಕಾದೀತು ಎಂದರು.

ಇನ್ನೊಂದು ಸಲ ಆ ನೋವು ತಿನ್ನುವುದಕ್ಕಿಂತ ರಾಮದಾಸರಿಗೆ ಸಾವೇ ವಾಸಿ. ಆದರೆ ತಮ್ಮ ಹೋಟೆಲಿನ ಸಾಂಬಾರನ್ನು ತಾವೇ ಮುಟ್ಟದಿದ್ದರೆ ಗಿರಾಕಿಗಳು ಏನಂದುಕೊಂಡಾರು? ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದಳು ಹೆಂಡತಿ ಕಲಾವತಿ. ಇವರು ಕೇಳಬೇಕಲ್ಲ! ಕೃಷ್ಣದೇವರ ಹೆಸರಿನಲ್ಲಿ ವ್ರತ ಹಿಡಿದಿದ್ದೇನೆ ಎಂದು ಅಡುಗೆಮನೆಯಲ್ಲಿ ಸಾರಿಬಿಟ್ಟರು.

ಉಡುಪಿ ಕಡೆಯ ಅಡುಗೆಯವರ ಮುಂದೆ ಆಡುವ ಸುಳ್ಳೇ ಇದು? ನಾಲ್ಕು ದಿನ ಸುಖವಾಗಿ ಕಳೆಯಿತು. ದೋಸೆ ಒಲೆಯ ಪದ್ಮನಾಭ ಬಸಳೆ, ಬಾಳೆದಿಂಡು ಬೇಯಿಸಿ ಭಕ್ತಿಯಿಂದ ಬಡಿಸಿದ. ಅಷ್ಟರಲ್ಲಿ ಆಷಾಢದ ಏಕಾದಶಿ ಬಂತು. ವ್ರತಸ್ಥರು ಹನಿ ನೀರೂ ಮುಟ್ಟಬಾರದು ಎಂದು ಅವನು ಗಲ್ಲಾದ ಮೇಲಿನ ಚೊಂಬನ್ನೇ ಎತ್ತಿಟ್ಟ. ಮರುದಿನದಿಂದ ಶಾಕವ್ರತ, ತಿಂಗಳಿಡೀ ಸೊಪ್ಪು ತರಕಾರಿ ನಿಷಿದ್ಧ. ಎಲೆಯಲ್ಲಿ ಬರೀ ಅನ್ನ, ಮೊಸರು. ಗಿರಾಕಿಗಳು ಬೇರೆ ‘ಸಾಮಿ’ ಎಂದು ಕೈಮುಗಿಯತೊಡಗಿದರು. ಕುಳಿತರೆ ಪ್ರಾಣ ಹೋಗುವಷ್ಟು ನೋವಿದ್ದರೂ ರಾಮದಾಸರು ನಗುತ್ತಾ ಆಶೀರ್ವಾದ ಮಾಡಬೇಕಾಯಿತು.

ಒಂದು ಬೆಳಿಗ್ಗೆ ಹಿಂದೆಂದಿಗಿಂತ ಹೆಚ್ಚು ರಕ್ತ ಕಂಡು ಅವರ ಜೀವ ಬಾಯಿಗೆ ಬಂತು. ಮಾನ ಹೋದರೆ ಹೋಗಲಿ ಎಂದು ನೆಟ್ಟಗೆ ಅಡುಗೆಮನೆಗೆ ನಡೆದರು.

“ವ್ರತವೂ ಇಲ್ಲ, ಮಣ್ಣೂ ಇಲ್ಲ ಮಾರಾಯ. ನನಗೆ ಪೈಲ್ಸ್. ಸೊಪ್ಪು ಬೇಯಿಸು, ನೀರು ಕೊಡು.”

ಯಾರೂ ನಗಲಿಲ್ಲ. ಪದ್ಮನಾಭ ದೋಸೆ ಮಗುಚುವುದನ್ನು ನಿಲ್ಲಿಸಿದ.

“ನನಗೂ ಉಂಟು ಧಣಿ. ಬೆಳಿಗ್ಗೆ ರಶ್ ಮುಗಿಯುವವರೆಗೆ ಒಲೆ ಬಿಟ್ಟು ಹೋಗಬಾರದು ಅಂತ ನೀವೇ ಹೇಳಿದ್ದಲ್ವಾ? ಕಕ್ಕಸಿಗೂ ಹೋಗದೆ ದಿನಾ ತಡೆದುಕೊಂಡು ನಿಂತು ನಿಂತೇ ಬಂದದ್ದು.”

ರಾಮದಾಸರಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ಹೊರಗೆ ಟೋಕನ್ ಹಿಡಿದವರು ದೋಸೆಗೆ ಕೂಗುತ್ತಿದ್ದರು. ರಾಮದಾಸರು ಪದ್ಮನಾಭನ ಕೈಯಿಂದ ಸಟ್ಟುಗ ಕಸಿದುಕೊಂಡು, ಮೊದಲು ನೀನು ಹೋಗಿ ಬಾ ಎಂದರು.