ಬೇಲಿಯಿಂದ ಇಳಿದು ಬಂದ ಬಸುರಿ

ಮೊನ್ನೆ ಪತ್ರಿಕೆಯಲ್ಲಿ ಗೋಸುಂಬೆಯ ಚಿತ್ರ ಬಂದಿತ್ತು. ಅದನ್ನು ಹಿಡಿಯುವುದೂ ಕೊಲ್ಲುವುದೂ ಕಾನೂನಿನ ಪ್ರಕಾರ ಅಪರಾಧವಂತೆ. ಸದ್ಯಕ್ಕೆ ಅದರ ಸಂತತಿಗೆ ಅಳಿವಿನ ಭಯವಿಲ್ಲ, ಆದರೆ ಬೇಲಿ, ಕುರುಚಲು ಗಿಡ ಹೋದರೆ ಅದಕ್ಕೆ ನೆಲೆಯಿಲ್ಲ ಎಂದೂ ಬರೆದಿದ್ದರು. ಓದುತ್ತಿದ್ದಂತೆ ನನಗೆ ಬಸಮ್ಮಜ್ಜಿ ನೆನಪಾದಳು. ಅಕ್ಷರ ಬಾರದ ಆ ಸೂಲಗಿತ್ತಿ ಈ ಕಾನೂನನ್ನು ಎಂದೋ ನಮ್ಮ ಹಿತ್ತಲಲ್ಲಿ ಜಾರಿಗೆ ತಂದಿದ್ದಳು.

ಐವತ್ತರ ದಶಕದ ಕೊನೆ. ಸೊರಬ ಗಂಡನ ಮನೆ. ಹೆರಿಗೆಗೆಂದು ಬಳ್ಳಿಗಾವಿಯ ತವರಿಗೆ ಬಂದಿದ್ದೆ. ಮೊದಲ ಬಸಿರು ಐದು ತಿಂಗಳಿಗೇ ಹೋಗಿತ್ತು. ಹಾಗಾಗಿ ಅವ್ವನಿಗೆ ಎಲ್ಲಕ್ಕೂ ಹೆದರಿಕೆ. ನಾನೇನು ಕಡಿಮೆಯೇ? ಯಾರಾದರೂ ಸೀನಿದರೆ ಸಾಕು, ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ.

ದೀಪಾವಳಿ ಕಳೆದು ಎರಡು ದಿನವಾಗಿತ್ತು. ಮಧ್ಯಾಹ್ನ ಹಿತ್ತಲಲ್ಲಿ ಕೂದಲು ಒಣಗಿಸುತ್ತ ಕೂತಿದ್ದಾಗ, ಕಳ್ಳಿಬೇಲಿಯಿಂದ ಗೋಸುಂಬೆಯೊಂದು ಇಳಿದು, ಹೆಜ್ಜೆ ಹೆಜ್ಜೆಗೂ ತೂಗಾಡುತ್ತ ನನ್ನತ್ತಲೇ ಬಂತು. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ನೆಲದ ಮೇಲೆ. ಬಸುರಿ ಅದನ್ನು ನೋಡಿದರೆ ಕೂಸಿಗೆ ಕೇಡೆಂದು ನಮ್ಮ ಓಣಿಯ ಹೆಂಗಸರು ನಂಬಿದ್ದರು. ಕಿರುಚಿಬಿಟ್ಟೆ. ಅಣ್ಣ ಗುದ್ದಲಿ ಹಿಡಿದು ಓಡಿಬಂದ.

"ಹೊಡಿಯೋ, ಮೊದ್ಲು ಹೊಡಿ!" ಎಂದು ಅವ್ವ ಕೂಗಿದಳು.

ನನ್ನನ್ನು ನೋಡಿಹೋಗಲು ಬಂದಿದ್ದ ಬಸಮ್ಮಜ್ಜಿ ಅವನಿಗೆ ಅಡ್ಡ ನಿಂತಳು. "ತಡಿಯಪ್ಪಾ. ಅದರ ಹೊಟ್ಟಿ ನೋಡು. ಅದಕ್ಕೂ ದಿನ ತುಂಬ್ಯಾವ."

"ನನ್ನ ಮಗಳಿಗೆ ಏನಾರ ಆದ್ರ?" ಎಂದಳು ಅವ್ವ.

"ಹೆರಾಕ ಜಾಗ ಹುಡುಕೋದನ್ನ ಕೊಲ್ಲಾಕ ಬಿಟ್ಟು, ಆಮ್ಯಾಲೆ ಇವಳ ಕೂಸನ್ನ ಯಾವ ಕೈಲಿ ಹಿಡೀಲಿ, ನೀವೇ ಹೇಳ್ರೀ."

ಅಣ್ಣ ಗುದ್ದಲಿ ಇಳಿಸಿದ.

ಕೋಳಿ, ನಾಯಿ ಬಾರದಂತೆ ಅಜ್ಜಿ ಸಂಜೆಯವರೆಗೂ ಅಲ್ಲೇ ಕಾದು ಕೂತಳು. ಗೋಸುಂಬೆ ಇಕ್ಕಳದಂಥ ಮುಂಗಾಲುಗಳಿಂದ ಗಟ್ಟಿ ಮಣ್ಣನ್ನು ಕೆರೆದು ಕೆರೆದು ಗುಂಡಿ ಮಾಡಿತು. ಹಸಿರು ಮೈ ಕಪ್ಪಗಾಗಿ, ಮೇಲೆ ಹಳದಿ ಚುಕ್ಕೆಗಳೆದ್ದವು. ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಜೋತುಬಿದ್ದ ಹೊಟ್ಟೆಯೊಂದಿಗೆ ಬೇಲಿ ಹತ್ತುವಾಗ ಎರಡು ಸಲ ಜಾರಿತು. ಅದರ ದಣಿವು ನೋಡಿ ನನಗೆ ಹೆದರಿಕೆ ಹೋಗಿ ಅಳು ಬಂತು. ಬೇಲಿ ಕಿತ್ತು ಕಲ್ಲುಗೋಡೆ ಕಟ್ಟಲು ಅಣ್ಣ ಆ ವಾರವೇ ಹೊರಟಿದ್ದ. ಅಜ್ಜಿ, "ಮರಿ ಬರೋದು ಮಳಿಗಾಲಕ್ಕ, ಅಲ್ಲೀತನಕ ಬಿಡು" ಎಂದಳು. ಗೊಣಗುತ್ತಲೇ ಒಪ್ಪಿದ.

ತಿಂಗಳೊಪ್ಪತ್ತಿನಲ್ಲಿ ನನಗೆ ಮಗಳು ಹುಟ್ಟಿದಳು. ನೋವಿಗೆ ನಾನು ಕೂಗಿದರೆ ಅಜ್ಜಿ, "ಆ ಗೋಸುಂಬಿ ಒಂದ್ ಸಲನಾದ್ರೂ ಕೂಗಿತೇನು?" ಎಂದು ಗದರಿದ್ದಳು.

ಮುಂಗಾರು ಹಿಡಿದಾಗ ಮಗಳನ್ನೆತ್ತಿಕೊಂಡು ಮತ್ತೆ ತವರಿಗೆ ಬಂದಿದ್ದೆ. ಒಂದು ಬೆಳಿಗ್ಗೆ ಆ ಮಣ್ಣು ಬಿರಿದು, ಕಿರುಬೆರಳಿಗಿಂತ ಚಿಕ್ಕ ಮರಿಗಳು ಒಂದೊಂದಾಗಿ ಹೊರಬಂದವು. ಅಜ್ಜಿಯನ್ನು ಕರೆಯಲು ಅಣ್ಣನೇ ಓಡಿದ. ಅವಳು ಇನ್ಯಾರದೋ ಹೆರಿಗೆ ಮುಗಿಸಿ ಬರುವಷ್ಟರಲ್ಲಿ ಮರಿಗಳೆಲ್ಲ ಬೇಲಿ ಸೇರಿದ್ದವು.

"ಯಾರು ಎತ್ತಿ ಬಿಟ್ರು?"

"ಯಾರೂ ಇಲ್ಲ ಅಜ್ಜಿ. ತಾವೇ ನಡೆದು ಹತ್ತಿದವು."

"ಅಬ್ಬಾ! ಹಂಗಿದ್ರ ನನ್ನಂಥೋರು ಹೊಟ್ಟಿಗೆ ಏನ್ ತಿನ್ನಬೇಕವ್ವಾ!" ಎಂದು ಬೊಚ್ಚುಬಾಯಿ ತುಂಬ ನಕ್ಕಳು. ಗೋಡೆಯ ಮಾತನ್ನು ಅಣ್ಣ ಮತ್ತೆ ಎತ್ತಲಿಲ್ಲ.

ಇದನ್ನೆಲ್ಲ ಇಂದು ಮಗಳಿಗೆ ಮೊದಲ ಸಲ ಹೇಳಿದೆ. ಅರವತ್ತು ದಾಟಿದ ಅವಳು, "ಅಮ್ಮಾ, ನಮ್ಮ ತೋಟದಂಚಿನ ಪೊದೆ ಸವರೋಕೆ ನಾಳೆ ಜನ ಬರ್ತಾರೆ. ಬೇಡ ಅಂತ ಹೇಳಿಬಿಡ್ತೀನಿ" ಎಂದು ಫೋನು ಕೈಗೆತ್ತಿಕೊಂಡಳು.